ಪ್ರವೇಶ ಪರೀಕ್ಷೆಗಳ ಇಂಗ್ಲಿಷ್ ಪದಸಂಪತ್ತು ಮತ್ತು ಕನ್ನಡ ಮಾಧ್ಯಮದ ಅಭ್ಯರ್ಥಿ: ಗುಳೇದಗುಡ್ಡದ ನೆಲೆಯಿಂದ ಒಂದು ವಿವೇಚನೆ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ನೆರೆಯಲ್ಲಿರುವ ಗುಳೇದಗುಡ್ಡವು ಖಣದ ನೇಕಾರಿಕೆಗೆ ಹೆಸರಾದ ಊರು. ಇಲ್ಲಿನ ಮಗ್ಗದ ಮನೆಗಳಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸುವ ವಿದ್ಯಾರ್ಥಿಯ ಮುಂದೆ ಇಂದು ಎರಡು ಬಗೆಯ ಪ್ರವೇಶ ಪರೀಕ್ಷೆಗಳಿವೆ. ವೈದ್ಯಕೀಯ ಶಿಕ್ಷಣದ ನೀಟ್ ಪರೀಕ್ಷೆಯನ್ನು 2017ರಿಂದಲೂ ಎಂಜಿನಿಯರಿಂಗ್ ಶಿಕ್ಷಣದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದಲೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಕರ್ನಾಟಕದ ಸಿಇಟಿಯಲ್ಲಿ ಇಂಗ್ಲಿಷ್ ಭಾಷೆಯ ಪತ್ರಿಕೆಯೇ ಇಲ್ಲ. ಆದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಿಎಲ್ಎಟಿ, ನಿರ್ವಹಣಾ ಶಾಸ್ತ್ರದ ಸಂಸ್ಥೆಗಳ ಸಿಎಟಿ, ವಿದೇಶಗಳ ಸ್ನಾತಕ ಶಿಕ್ಷಣಕ್ಕೆ ಎಸ್ಎಟಿ, ಸ್ನಾತಕೋತ್ತರ ಶಿಕ್ಷಣಕ್ಕೆ ಜಿಆರ್ಇ ಮೊದಲಾದ ಪರೀಕ್ಷೆಗಳಲ್ಲಿ ಇಂಗ್ಲಿಷ್ ಕೇವಲ ಮಾಧ್ಯಮವಲ್ಲ, ಪರೀಕ್ಷೆಗೊಳಗಾಗುವ ವಿಷಯವೂ ಹೌದು. ಬಾಗಲಕೋಟೆಯಲ್ಲಿ 1963ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಅಂತಹ ಕಾಲೇಜಿನಲ್ಲಿ ಓದಿ ಗಣಿತದಲ್ಲಿ ಯಾರಿಗೂ ಕಡಿಮೆಯಿಲ್ಲದ ಅಭ್ಯರ್ಥಿ ಜಿಆರ್ಇ ಪರೀಕ್ಷೆಯ ಭಾಷಾಭಾಗದಲ್ಲಿ ಹಿಂದೆ ಬೀಳುವುದುಂಟು. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ‘ಪದಗಳು ಗೊತ್ತಿಲ್ಲ’ ಎಂಬುದು. ಈ ಕಾರಣ ಅರ್ಧ ನಿಜ. ಯಾವ ಪದಗಳು ಗೊತ್ತಿಲ್ಲ, ಅವು ಏಕೆ ಗೊತ್ತಿಲ್ಲ ಎಂಬುದನ್ನು ವಿಚಾರಿಸದೆ ಹೋದರೆ ಶ್ರಮವೆಲ್ಲ ತಪ್ಪಾದ ಕಡೆಗೆ ಹರಿಯುತ್ತದೆ.

ಕಠಿಣ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ರೂಢಿ ಹೇಗೆ ಬಂತೆಂಬುದನ್ನು ಮೊದಲು ನೋಡಬೇಕು. ಅಮೆರಿಕದ ಎಸ್ಎಟಿ ಮೊದಲ ಬಾರಿಗೆ ನಡೆದದ್ದು 1926ರಲ್ಲಿ. ಆಗ 97 ನಿಮಿಷಗಳಲ್ಲಿ 315 ಪ್ರಶ್ನೆಗಳನ್ನು ಉತ್ತರಿಸಬೇಕಾಗಿತ್ತು. ಅಷ್ಟು ಅವಸರದ ಪರೀಕ್ಷೆಯಲ್ಲಿ ವಾಕ್ಯಗಳನ್ನು ಓದಿಸುವುದಕ್ಕಿಂತ ಬಿಡಿ ಪದಗಳನ್ನು ಮುಂದಿಟ್ಟು ವಿರುದ್ಧಾರ್ಥವನ್ನೋ ಸಾದೃಶ್ಯವನ್ನೋ ಕೇಳುವುದು ಅನುಕೂಲವಾಗಿತ್ತು. ಮುಂದೆ ಜಿಆರ್ಇ ಪರೀಕ್ಷೆಯೂ ಇದೇ ಮಾದರಿಯನ್ನು ಅನುಸರಿಸಿತು. ಸಂದರ್ಭವಿಲ್ಲದ ಬಿಡಿ ಪದವನ್ನು ಕೇಳುವ ಪರೀಕ್ಷೆಗೆ ಸಂದರ್ಭವಿಲ್ಲದ ಬಿಡಿ ಪದಗಳ ಪಟ್ಟಿಯೇ ಸಿದ್ಧತೆ ಎಂಬ ನಂಬಿಕೆ ಹೀಗೆ ಬೆಳೆಯಿತು. ಬ್ಯಾರನ್ಸ್ ಪ್ರಕಾಶನದ 3,500 ಪದಗಳ ಪಟ್ಟಿಯು ಭಾರತದ ಸಣ್ಣ ಪಟ್ಟಣಗಳವರೆಗೂ ನೆರಳಚ್ಚಿನ ರೂಪದಲ್ಲಿ ತಲುಪಿತು. ದಿನಕ್ಕೆ 30ರಂತೆ ಕಲಿತರೂ ಅದನ್ನು ಮುಗಿಸಲು ನಾಲ್ಕು ತಿಂಗಳು ಬೇಕು. ಮುಗಿಸುವ ಹೊತ್ತಿಗೆ ಮೊದಲ ತಿಂಗಳ ಪದಗಳು ಮರೆತಿರುತ್ತವೆ.

ಗಮನಾರ್ಹ ಸಂಗತಿಯೆಂದರೆ ಪರೀಕ್ಷೆಗಳು ಈ ದಾರಿಯನ್ನು ಬಿಟ್ಟು ಬಹುಕಾಲವಾಯಿತು. ಎಸ್ಎಟಿ 1994ರಲ್ಲಿ ವಿರುದ್ಧಾರ್ಥಕಗಳನ್ನು, 2005ರಲ್ಲಿ ಸಾದೃಶ್ಯಗಳನ್ನು, 2016ರಲ್ಲಿ ವಾಕ್ಯಪೂರಣದ ಪ್ರತ್ಯೇಕ ಪ್ರಶ್ನೆಗಳನ್ನು ಕೈಬಿಟ್ಟಿತು. 2023ರಿಂದ ಭಾರತದಲ್ಲಿಯೂ ಗಣಕದ ಮೇಲೆ ನಡೆಯುತ್ತಿರುವ ಎಸ್ಎಟಿಯಲ್ಲಿ ಪದಗಳನ್ನು ಸಣ್ಣ ಗದ್ಯಖಂಡದ ಒಳಗಿಟ್ಟು, ಅಲ್ಲಿ ಯಾವುದು ಹೊಂದುತ್ತದೆಂದು ಕೇಳಲಾಗುತ್ತದೆ. ಜಿಆರ್ಇ 2011ರ ಆಗಸ್ಟ್‌ನಲ್ಲಿ ವಿರುದ್ಧಾರ್ಥಕ ಮತ್ತು ಸಾದೃಶ್ಯಗಳನ್ನು ತೆಗೆದುಹಾಕಿತು. ಅದರ ಇಂದಿನ ಸ್ವರೂಪ 2023ರ ಸೆಪ್ಟೆಂಬರಿನಲ್ಲಿ ಬಂದದ್ದು. ಭಾಷಾಭಾಗದಲ್ಲಿ 41 ನಿಮಿಷಗಳಿಗೆ 27 ಪ್ರಶ್ನೆಗಳಿವೆ. ಒಂದು ಬಗೆಯ ಪ್ರಶ್ನೆಯಲ್ಲಿ ವಾಕ್ಯದ ಬಿಟ್ಟ ಸ್ಥಳಗಳನ್ನು ತುಂಬಬೇಕು. ಇನ್ನೊಂದರಲ್ಲಿ ಒಂದೇ ಬಿಟ್ಟ ಸ್ಥಳಕ್ಕೆ ಆರು ಪದಗಳಿಂದ ಎರಡನ್ನು ಆರಿಸಬೇಕು, ಆ ಎರಡರಿಂದಲೂ ವಾಕ್ಯಾರ್ಥ ಒಂದೇ ಆಗಿರಬೇಕು. 2008ರಲ್ಲಿ ಆರಂಭವಾದ ಸಿಎಲ್ಎಟಿ 2020ರಿಂದ ಪೂರ್ತಿಯಾಗಿ ಗದ್ಯಖಂಡಗಳನ್ನು ಆಧರಿಸಿದೆ. ಈಗ ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು. ತಪ್ಪಿದ ಪ್ರತಿ ಉತ್ತರಕ್ಕೆ ಕಾಲು ಅಂಕ ಕಳೆಯುತ್ತದೆ. ಇಲ್ಲಿ ಇಂಗ್ಲಿಷ್ ಭಾಷೆಯ ವಿಭಾಗವಷ್ಟೇ ಅಲ್ಲದೆ ಕಾನೂನು, ತರ್ಕ, ಪ್ರಚಲಿತ ವಿಷಯಗಳ ವಿಭಾಗಗಳೂ ಓದಿನ ವೇಗವನ್ನೇ ಅವಲಂಬಿಸಿವೆ. ಹಳೆಯ ಪಟ್ಟಿಗಳು ಮಾತ್ರ ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಪರೀಕ್ಷೆ ಬದಲಾದ ಸುದ್ದಿ ಮಹಾನಗರದ ತರಬೇತಿ ಕೇಂದ್ರಕ್ಕೆ ಮೊದಲು ತಲುಪುತ್ತದೆ, ಗುಳೇದಗುಡ್ಡದಂತಹ ಊರಿಗೆ ತಡವಾಗಿ ತಲುಪುತ್ತದೆ. ಈ ಅಂತರದಲ್ಲಿ ವ್ಯರ್ಥವಾಗುವುದು ಬಡವರ ಮಕ್ಕಳ ಸಮಯವೇ.

ಹಾಗಾದರೆ ಕೊರತೆ ಇರುವುದು ಎಲ್ಲಿ? ಇಂಗ್ಲಿಷ್ ಬೋಧನೆಯ ಇತಿಹಾಸದಲ್ಲಿ ಪದಗಳನ್ನು ಅವುಗಳ ಬಳಕೆಯ ಪ್ರಮಾಣಕ್ಕನುಗುಣವಾಗಿ ವರ್ಗೀಕರಿಸುವ ಪ್ರಯತ್ನಕ್ಕೆ ಭಾರತದ ನಂಟು ಇದೆ. ಢಾಕಾದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಬಂಗಾಳದ ಮಕ್ಕಳ ಓದಿನ ತೊಡಕನ್ನು ಕಂಡು ಸೀಮಿತ ಪದಗಳ ವಾಚಿಕೆಗಳನ್ನು ರಚಿಸಿದನು. 1953ರಲ್ಲಿ ಅವನು ಪ್ರಕಟಿಸಿದ ಸುಮಾರು 2,000 ಪದಗಳ ಸಾಮಾನ್ಯ ಪಟ್ಟಿಯು ಶಾಲಾ ಇಂಗ್ಲಿಷಿನ ತಳಹದಿಯಾಯಿತು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಇದರ ಮೇಲಿನ ಸ್ತರವನ್ನು ಗುರುತಿಸಿದರು. ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಗದ್ಯವನ್ನು ಪರಿಶೀಲಿಸಿ, ಎಲ್ಲ ಶಾಸ್ತ್ರಗಳಿಗೂ ಸಮಾನವಾದ 570 ಪದಕುಟುಂಬಗಳನ್ನು ಅವರು ಆರಿಸಿದರು. ವಿದ್ವತ್ ಗದ್ಯದ ಸುಮಾರು ಹತ್ತನೆಯ ಒಂದು ಪಾಲು ಈ ಪದಗಳಿಂದಲೇ ಆದದ್ದು. ಕಥೆ ಕಾದಂಬರಿಗಳಲ್ಲಿ ಅವುಗಳ ಪ್ರಮಾಣ ತೀರ ಕಡಿಮೆ. ‘ಆಂಬಿಗ್ಯುಅಸ್’, ‘ಆರ್ಬಿಟ್ರರಿ’, ‘ಇನ್ಹೆರೆಂಟ್’, ‘ಕೊಹೆರೆಂಟ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಇವೆಲ್ಲ ಆ ಪಟ್ಟಿಯ ಪದಗಳು. ಇವು ಅಪರೂಪದ ಪದಗಳಲ್ಲ. ಪರೀಕ್ಷೆಯ ಪ್ರತಿಯೊಂದು ಗದ್ಯಖಂಡವೂ ಇವುಗಳ ಮೇಲೆ ನಿಂತಿರುತ್ತದೆ. ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 2007–08ರವರೆಗೆ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಿಂದ. ಆ ಬಳಿಕ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯವಾಗಿದೆ. ಎರಡೂ ವ್ಯವಸ್ಥೆಗಳಲ್ಲಿ ಶಾಲೆ ಕೊಡುವುದು ವೆಸ್ಟನ ಸ್ತರವನ್ನು. ಪರೀಕ್ಷೆಯ ಪಟ್ಟಿಪುಸ್ತಕ ಕೊಡುವುದು ತುತ್ತತುದಿಯ ಅಪರೂಪದ ಪದಗಳನ್ನು. ನಡುವಿನ ಸ್ತರ ಯಾರ ಪಾಲಿಗೂ ಬಾರದೆ ಉಳಿಯುತ್ತದೆ.

ನಡುವಿನ ಈ ಪದಗಳಿಗೆ ಕನ್ನಡದ ಸಮಾನ ಪದಗಳನ್ನು ಹುಡುಕಿದರೆ ಒಂದು ಮುಖ್ಯ ಸಂಗತಿ ಬೆಳಕಿಗೆ ಬರುತ್ತದೆ. ‘ಆಂಬಿಗ್ಯುಅಸ್’ ಎಂದರೆ ಸಂದಿಗ್ಧ, ‘ಇನ್ಹೆರೆಂಟ್’ ಎಂದರೆ ಅಂತರ್ಗತ, ‘ಕೊಹೆರೆಂಟ್’ ಎಂದರೆ ಸುಸಂಬದ್ಧ, ‘ಆರ್ಬಿಟ್ರರಿ’ ಎಂದರೆ ಯಾದೃಚ್ಛಿಕ. ಇವು ಮನೆಮಾತಿನ ಪದಗಳಲ್ಲ, ಗ್ರಾಂಥಿಕ ಕನ್ನಡದ ಪದಗಳು. ಸಂದಿಗ್ಧ ಎಂಬುದನ್ನು ಕನ್ನಡದಲ್ಲಿಯೇ ಅರಿಯದ ವಿದ್ಯಾರ್ಥಿಗೆ ನಿಘಂಟು ನೀಡುವ ಈ ಸಮಾನಾರ್ಥದಿಂದ ಏನೂ ಪ್ರಯೋಜನವಿಲ್ಲ. ಗೊತ್ತಿಲ್ಲದ ಪದಕ್ಕೆ ಗೊತ್ತಿಲ್ಲದ ಪದವೇ ಅರ್ಥವಾಗಿ ದೊರೆತಂತಾಯಿತು. ಆಡುಮಾತಿನ ಸಾಮರ್ಥ್ಯ ಬೇರೆ, ಶಾಸ್ತ್ರೀಯ ಓದಿನ ಸಾಮರ್ಥ್ಯ ಬೇರೆ. ಎರಡನೆಯದನ್ನು ಒಂದು ಭಾಷೆಯಲ್ಲಿ ಗಳಿಸಿದವರಿಗೆ ಇನ್ನೊಂದು ಭಾಷೆಯಲ್ಲಿ ಗಳಿಸುವುದು ಸುಲಭ ಎಂಬ ಸಿದ್ಧಾಂತವನ್ನು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದರು. ಕನ್ನಡ ಮಾಧ್ಯಮದ ಅಭ್ಯರ್ಥಿಯ ಕೊರತೆಯೆಂದು ಕರೆಯಲಾಗುವುದರಲ್ಲಿ ಒಂದು ಭಾಗ ಇಂಗ್ಲಿಷಿನದು, ಇನ್ನೊಂದು ಭಾಗ ಕನ್ನಡದ್ದೇ. ಪಿಯು ತರಗತಿಗೆ ಬಂದೊಡನೆ ಕನ್ನಡದ ಗಂಭೀರ ಓದನ್ನು ನಿಲ್ಲಿಸಿ ಇಂಗ್ಲಿಷಿನ ಪಟ್ಟಿಯನ್ನು ಹಿಡಿಯುವ ವಿದ್ಯಾರ್ಥಿಯು ತನ್ನ ಕೈಯಲ್ಲಿದ್ದ ಏಣಿಯನ್ನೇ ಕೆಳಗಿಟ್ಟಂತಾಗುತ್ತದೆ.

ಭಾಷೆಯೊಂದರಲ್ಲಿ ಎರಡು ಸ್ತರಗಳಿರುವುದು ಈ ನೆಲಕ್ಕೆ ಹೊಸತಲ್ಲ. ಐಹೊಳೆಯ ಮೇಗುತಿಯ ಗುಡಿಯಲ್ಲಿರುವ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಪೂರ್ಣವಾಗಿ ಸಂಸ್ಕೃತದಲ್ಲಿದೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಂಸ್ಕೃತವೂ ಕನ್ನಡದ ತ್ರಿಪದಿಯೂ ಒಂದೇ ಬಂಡೆಯ ಮೇಲೆ ಇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲನ್ನು, ಎಂದರೆ ಇಂದಿನ ಪಟ್ಟದಕಲ್ಲನ್ನು, ಹೆಸರಿಸುತ್ತದೆ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹೇಗೆ ಬೆರೆಸಬೇಕು, ಎಲ್ಲಿ ಬೆರೆಸಬಾರದು ಎಂಬುದನ್ನೂ ಚರ್ಚಿಸುತ್ತದೆ. ಇಂಗ್ಲಿಷಿನ ಸ್ಥಿತಿಯೂ ಇದೇ. ‘ಆಸ್ಕ್’ ಎಂಬುದು ಅದರ ದೇಶ್ಯ, ‘ಕ್ವೆಶ್ಚನ್’ ಫ್ರೆಂಚಿನ ಮೂಲಕ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಕೇಳು, ಪ್ರಶ್ನಿಸು, ವಿಚಾರಣೆಗೊಳಪಡಿಸು ಎಂಬ ಮೂರನ್ನು ಬಲ್ಲವರಿಗೆ ಆ ಮೂರರ ನಡುವಣ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕನ್ನಡಕ್ಕೆ ಸಂಸ್ಕೃತ ಹೇಗೋ ಇಂಗ್ಲಿಷಿಗೆ ಲ್ಯಾಟಿನ್ ಮತ್ತು ಗ್ರೀಕ್ ಹಾಗೆ. ಪರೀಕ್ಷೆಗಳ ‘ಕಠಿಣ’ ಪದಗಳಲ್ಲಿ ಬಹುಪಾಲು ಈ ಎರಡು ಭಾಷೆಗಳಿಂದ ಬಂದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ವಿಲಿಯಂ ಜೋನ್ಸ್ ಹೇಳಿದ್ದು 1786ರಲ್ಲಿ. ಕನ್ನಡ ದ್ರಾವಿಡ ಭಾಷೆಯಾಗಿರುವುದರಿಂದ ಈ ಬಂಧುತ್ವ ಅದಕ್ಕೆ ನೇರವಾಗಿ ಇಲ್ಲ. ಆದರೆ ತತ್ಸಮಗಳ ಮೂಲಕ ಆ ಮನೆಯ ಹಿತ್ತಿಲ ಬಾಗಿಲು ಕನ್ನಡಿಗರಿಗೆ ತೆರೆದಿದೆ.

ಗುಳೇದಗುಡ್ಡದಲ್ಲಿ ಈ ಬಾಗಿಲನ್ನು ಮಗ್ಗದ ಬಳಿಯೇ ಕಾಣಬಹುದು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಎಳೆದ ನೂಲು, ಹೊಕ್ಕು ಎಂದರೆ ಲಾಳಿಯೊಡನೆ ಅಡ್ಡಲಾಗಿ ಓಡುವ ನೂಲು. ಎಳೆಯುವುದಕ್ಕೆ ಸಂಸ್ಕೃತದ ಧಾತು ‘ತನ್’. ಎಳೆದದ್ದು ತಂತು. ತಂತ್ರ ಎಂಬ ಪದಕ್ಕೂ ಮಗ್ಗ, ಹಾಸು ಎಂಬ ಅರ್ಥ ಮೊದಲಿನದು. ಎಳೆದಷ್ಟೂ ತೆಳುವಾಗುವುದರಿಂದ ತನು ಎಂದರೆ ತೆಳುವಾದದ್ದು. ಲ್ಯಾಟಿನ್ನಿನಲ್ಲಿ ಇದೇ ಧಾತು ‘ಟೆನ್’ ಎಂದಾಯಿತು. ಎಳೆಯುವುದು ‘ಟೆಂಡೆರೆ’, ತೆಳುವಾದದ್ದು ‘ಟೆನುಇಸ್’. ಊರಿನ ಹೆಣ್ಣುಮಕ್ಕಳೂ ದಿನವೂ ಆಡುವ ‘ಟೆನ್ಶನ್’ ಎಂಬ ಪದ ಈ ಮೂಲದ್ದು; ಅದು ಹಾಸಿನ ಬಿಗಿತವೇ. ಇದರಿಂದ ಮುಂದೆ ಸಾಗಿದರೆ ಜಿಆರ್ಇ ಪಟ್ಟಿಗಳ ‘ಟೆನ್ಯುಅಸ್’ ದೊರೆಯುತ್ತದೆ. ಎಳೆ ತೆಳುವಾಗಿ ಇನ್ನೇನು ಕಡಿಯುವಂತಿರುವ ವಾದ ಅಥವಾ ಸಂಬಂಧ ಎಂದು ಅದರ ಅರ್ಥ. ‘ಅಟೆನ್ಯುಏಟ್’ ಎಂದರೆ ತೆಳುಗೊಳಿಸು, ಬಲವನ್ನು ಕುಂದಿಸು. ಕಾನೂನಿನ ವಿದ್ಯಾರ್ಥಿಗೆ ಎದುರಾಗುವ ‘ಎಕ್ಸ್‌ಟೆನ್ಯುಏಟಿಂಗ್’ ಸನ್ನಿವೇಶಗಳೆಂದರೆ ಅಪರಾಧದ ತೂಕವನ್ನು ತೆಳುಗೊಳಿಸುವ ಸನ್ನಿವೇಶಗಳು. ಆತಂಕದಲ್ಲಿ ತುದಿಗಾಲ ಮೇಲೆ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ‘ಟೆಂಟರ್‌ಹುಕ್ಸ್’ ಮೇಲಿರುವುದೆಂದು ಹೇಳುತ್ತಾರೆ. ಅದು ಬಟ್ಟೆಯನ್ನು ಎಳೆದು ಒಣಗಿಸಲು ಬಳಸುತ್ತಿದ್ದ ಚೌಕಟ್ಟಿನ ಕೊಕ್ಕೆ.

ನೇಯುವುದಕ್ಕೆ ಲ್ಯಾಟಿನ್ನಿನ ಪದ ‘ಟೆಕ್ಸೆರೆ’. ‘ಟೆಕ್ಸ್‌ಟೈಲ್’ ಹೇಗೋ ‘ಟೆಕ್ಸ್ಟ್’ ಹಾಗೆ, ಪಠ್ಯವೆಂಬುದು ನೆಯ್ದದ್ದು. ‘ಕಾಂಟೆಕ್ಸ್ಟ್’ ಎಂದರೆ ಜೊತೆಗೆ ನೆಯ್ದದ್ದು, ಸಂದರ್ಭ. ‘ಪ್ರಿಟೆಕ್ಸ್ಟ್’ ಎಂದರೆ ಮುಂದುಗಡೆ ನೆಯ್ದ ತೆರೆ, ಆದ್ದರಿಂದ ನೆಪ. ನೇಯ್ಗೆಯನ್ನು ಆರಂಭಿಸುವುದಕ್ಕೆ ‘ಆರ್ಡಿರಿ’ ಎಂಬ ಪದವಿತ್ತು. ಭಾಷಣದ ಪೀಠಿಕೆಗೆ ‘ಎಕ್ಸಾರ್ಡಿಯಮ್’ ಎಂದೂ ಆದಿಮವಾದುದಕ್ಕೆ ‘ಪ್ರೈಮಾರ್ಡಿಯಲ್’ ಎಂದೂ ಬಂದದ್ದು ಅದರಿಂದ. ‘ಸಟ್ಲ್’ ಎಂಬುದನ್ನೂ ಹಾಸಿನ ಅಡಿಯಲ್ಲಿ ಸಾಗುವ ಅತಿ ನಯವಾದ ನೂಲಿಗೆ ಸಂಬಂಧಿಸಿ ವ್ಯುತ್ಪತ್ತಿಕಾರರು ವಿವರಿಸುತ್ತಾರೆ. ಕನ್ನಡವೂ ಇದನ್ನೇ ಮಾಡಿದೆ. ಸೂತ್ರವೆಂದರೆ ದಾರ, ಶಾಸ್ತ್ರವಾಕ್ಯವೂ ಸೂತ್ರ. ಗ್ರಂಥವೆಂಬುದು ಗಂಟು ಹಾಕಿ ಕಟ್ಟಿದ್ದು. ಒಂದರೊಳಗೊಂದು ಬೆರೆತದ್ದು ಹಾಸುಹೊಕ್ಕು. ತಮಿಳಿನಲ್ಲಂತೂ ನೂಲು ಎಂಬ ಪದಕ್ಕೆ ಪುಸ್ತಕವೆಂಬ ಅರ್ಥವೇ ಇದೆ. ನೇಕಾರರ ಮನೆಯ ವಿದ್ಯಾರ್ಥಿಗೆ ಈ ಹತ್ತಾರು ಪದಗಳು ಒಂದೇ ಮಗ್ಗದ ಸುತ್ತ ನೆನಪಿನಲ್ಲಿ ನಿಲ್ಲುತ್ತವೆ. ಅಕಾರಾದಿಯ ಪಟ್ಟಿಯಲ್ಲಿ ಇವು ಹತ್ತು ಕಡೆ ಚದುರಿಹೋಗಿರುತ್ತವೆ.

ಇದಕ್ಕಿಂತಲೂ ಸಮೀಪದ ಉದಾಹರಣೆ ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿದೆ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಲು ಕಲಿತ ಪ್ರತಿಯೊಬ್ಬ ವಿದ್ಯಾರ್ಥಿಗೂ ಲಘು, ಗುರು ಗೊತ್ತು. ಲಘುವಿನ ಲ್ಯಾಟಿನ್ ಬಂಧು ‘ಲೆವಿಸ್’, ಗುರುವಿನ ಬಂಧು ‘ಗ್ರಾವಿಸ್’. ‘ಲೆವಿಟಿ’ ಎಂದರೆ ಗಂಭೀರವಾಗಿರಬೇಕಾದ ಕಡೆ ತೋರುವ ಹಗುರತನ. ‘ಗ್ರಾವಿಟಾಸ್’ ಎಂದರೆ ತೂಕವುಳ್ಳ ವ್ಯಕ್ತಿತ್ವ. ಗುರುತ್ವಾಕರ್ಷಣೆಯ ‘ಗ್ರಾವಿಟಿ’ ವಿಜ್ಞಾನದ ಪಾಠದಿಂದಲೇ ಪರಿಚಿತ. ನೋವನ್ನೋ ಕಷ್ಟವನ್ನೋ ಲಘುಗೊಳಿಸುವುದು ‘ಅಲೀವಿಯೇಟ್’, ಅದನ್ನು ಇನ್ನಷ್ಟು ಗುರುವಾಗಿಸುವುದು ‘ಅಗ್ರವೇಟ್’. ಈ ಎರಡರಲ್ಲಿಯೂ, ಮೇಲೆ ಕಂಡ ‘ಅಟೆನ್ಯುಏಟ್’ನಲ್ಲಿಯೂ ಮೊದಲಿಗಿರುವುದು ‘ಆಡ್’ ಎಂಬ ಒಂದೇ ಉಪಸರ್ಗ. ಅದರ ಕೊನೆಯ ವ್ಯಂಜನ ಮುಂದಿನ ವ್ಯಂಜನವಾಗಿ ಮಾರ್ಪಟ್ಟಿದೆ. ಸತ್ ಮತ್ತು ಜನ ಸೇರಿ ಸಜ್ಜನ, ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗುವುದನ್ನು ಕಲಿತವರಿಗೆ ಇದು ಸಂಧಿಕಾರ್ಯವೆಂದು ಒಡನೆಯೇ ತಿಳಿಯುತ್ತದೆ. ‘ಇನ್’ ಎಂಬ ನಿಷೇಧಾರ್ಥದ ಉಪಸರ್ಗ ‘ಇಲ್ಲೆಜಿಬಲ್’, ‘ಇಮ್ಮಾರ್ಟಲ್’ ಎಂದು ವೇಷ ಬದಲಿಸುವುದೂ ಹೀಗೆಯೇ. ಇಂಗ್ಲಿಷಿನ ವ್ಯಾಕರಣ ಪುಸ್ತಕಗಳು ಸಂಧಿಯೆಂಬ ಹೆಸರಿನಲ್ಲಿ ಇದನ್ನು ಕಲಿಸುವುದಿಲ್ಲ. ಕನ್ನಡದ ವಿದ್ಯಾರ್ಥಿ ಅದನ್ನು ಕಲಿತೇ ಬಂದಿರುತ್ತಾನೆ, ಆದರೆ ಇಲ್ಲಿ ಬಳಸಬಹುದೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಉಪಸರ್ಗಗಳಲ್ಲಿ ಇಂತಹ ಜೋಡಿಗಳು ಇನ್ನೂ ಇವೆ. ನಿಷೇಧದ ಅ, ಅನ್ ಎಂಬುವು ಗ್ರೀಕಿನಲ್ಲಿ ಹಾಗೆಯೇ ಇವೆ. ಪ್ರ ಎಂಬುದು ‘ಪ್ರೊ’, ಪರಿ ಎಂಬುದು ‘ಪೆರಿ’, ಅಂತರ್ ಎಂಬುದು ‘ಇಂಟರ್’, ದುಸ್ ಎಂಬುದು ‘ಡಿಸ್’ ಎಂದು ಉಚ್ಚರಿಸಲಾಗುವ ಗ್ರೀಕ್ ಉಪಸರ್ಗ. ಜ್ಞಾ ಧಾತುವಿನಿಂದ ‘ಕಾಗ್ನಿಶನ್’, ‘ಆಗ್ನಾಸ್ಟಿಕ್’. ಮೃ ಧಾತುವಿನಿಂದ ‘ಮಾರ್ಟಲ್’, ಸಾವಿನಂಚಿನ ಸ್ಥಿತಿಯ ‘ಮಾರಿಬಂಡ್’. ಯುಜ್ ಧಾತುವಿನಿಂದ ದಾಂಪತ್ಯದ ‘ಕಾಂಜುಗಲ್’, ನೊಗದ ಅಡಿಗೆ ತರುವ ‘ಸಬ್ಜುಗೇಟ್’. ಅಮೃತ ಮತ್ತು ಗ್ರೀಕ್ ದೇವತೆಗಳ ಆಹಾರವಾದ ‘ಆಂಬ್ರೋಸಿಯ’ ಒಂದೇ ಬಗೆಯಲ್ಲಿ ರಚಿತವಾದ ಪದಗಳು. ಸ್ಥಾವರ ಎಂಬ ಶರಣರ ಪರಿಭಾಷೆಯನ್ನು ಬಲ್ಲ ಈ ಭಾಗದವರಿಗೆ ‘ಸ್ಟೇಶನರಿ’, ‘ಸ್ಟ್ಯಾಟಿಕ್’ ಪದಗಳ ನಿಲುವು ಸಹಜವಾಗಿಯೇ ಹೊಳೆಯುತ್ತದೆ.

ಆದರೂ ಈ ವಿಧಾನಕ್ಕೆ ಮಿತಿಗಳಿವೆ. ಅವನ್ನು ಮರೆಮಾಚಿದರೆ ಇದೂ ಮತ್ತೊಂದು ಗಿಲೀಟಿನ ಉಪಾಯವಾಗಿಬಿಡುತ್ತದೆ. ಬಂಧುತ್ವವೆಲ್ಲ ಕಣ್ಣಿಗೆ ಕಾಣುವಂತಹುದಲ್ಲ. ಜಂಗಮದ ಗಮ್ ಧಾತುವೂ ‘ಕನ್ವೀನ್’, ‘ಸರ್ಕಮ್‌ವೆಂಟ್’ ಪದಗಳಲ್ಲಿರುವ ಲ್ಯಾಟಿನ್ ಧಾತುವೂ ಒಂದೇ ಮೂಲದವು. ಆದರೆ ಅದನ್ನು ತೋರಿಸಲು ಭಾಷಾವಿಜ್ಞಾನಿ ಬೇಕು. ಪರೀಕ್ಷಾರ್ಥಿಗೆ ಅದರಿಂದ ಲಾಭವಿಲ್ಲ. ಇನ್ನು ಮೂಲ ಒಂದೇ ಆದರೂ ಅರ್ಥ ಬೇರೆಯಾಗಿರುವುದುಂಟು. ಪ್ರಜ್ಞೆ ಮತ್ತು ‘ಪ್ರಾಗ್ನೋಸಿಸ್’ಗಳ ಉಪಸರ್ಗವೂ ಧಾತುವೂ ಒಂದೇ, ಆದರೆ ಎರಡನೆಯದು ರೋಗ ಮುಂದೆ ಹೇಗೆ ಸಾಗೀತೆಂಬ ವೈದ್ಯನ ಮುನ್ಸೂಚನೆ. ಕೆಲವು ಪದಗಳ ರೂಪವೇ ದಾರಿ ತಪ್ಪಿಸುತ್ತದೆ. ‘ಎನರ್ವೇಟ್’ ಎಂಬುದು ಚೈತನ್ಯ ತುಂಬುವ ಪದದಂತೆ ಕೇಳಿಸಿದರೂ ಅದರ ಅರ್ಥ ನಿಶ್ಶಕ್ತಗೊಳಿಸು. ‘ಇನ್‌ವ್ಯಾಲ್ಯುಅಬಲ್’ ಎಂದರೆ ಬೆಲೆಯಿಲ್ಲದ್ದೆಂದು ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ. ಇಲ್ಲಿ ಮಾತ್ರ ಕನ್ನಡ ಕೈಹಿಡಿಯುತ್ತದೆ, ಏಕೆಂದರೆ ಅಮೂಲ್ಯ ಎಂಬುದೂ ನಿಷೇಧ ರೂಪದ ಪದವೇ. ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಇನ್ನೊಂದು ಬಗೆಯ ತೊಡಕು. ಮಗ್ಗಕ್ಕೆ ಸಾಲ ‘ಸ್ಯಾಂಕ್ಷನ್’ ಆಯಿತೆಂದು ಮನೆಯಲ್ಲಿ ಕೇಳಿ ಬೆಳೆದ ವಿದ್ಯಾರ್ಥಿ, ಒಂದು ದೇಶದ ಮೇಲೆ ಇನ್ನೊಂದು ದೇಶ ಹೇರಿದ ‘ಸ್ಯಾಂಕ್ಷನ್ಸ್’ ಎಂಬುದನ್ನು ಓದಿದಾಗ ವಾಕ್ಯವನ್ನು ತಲೆಕೆಳಗಾಗಿ ಗ್ರಹಿಸುತ್ತಾನೆ. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದೆಂದಷ್ಟೇ ತಿಳಿದವರಿಗೆ, ಷರತ್ತಿಗೊಳಪಟ್ಟ ಹೊಗಳಿಕೆಯಾದ ‘ಕ್ವಾಲಿಫೈಡ್ ಪ್ರೇಸ್’ ಪೂರ್ಣ ಹೊಗಳಿಕೆಯಂತೆ ತೋರುತ್ತದೆ. ಇಂದಿನ ಪರೀಕ್ಷೆಗಳು ಹೆಚ್ಚು ಇಷ್ಟಪಡುವುದು ಇಂತಹ ಪರಿಚಿತ ಪದಗಳ ಅಪರಿಚಿತ ಅರ್ಥಗಳನ್ನೇ. ಪಟ್ಟಿಪುಸ್ತಕದಲ್ಲಿ ಇವು ಸಾಮಾನ್ಯವಾಗಿ ಇರುವುದೇ ಇಲ್ಲ.

ಆದ್ದರಿಂದ ಧಾತುಜ್ಞಾನ ಊಹೆಗೆ ನೆರವಾಗುತ್ತದೆ, ನಿರ್ಣಯವನ್ನು ನಿಘಂಟಿನಿಂದಲೂ ವಾಕ್ಯದಿಂದಲೂ ಪಡೆಯಬೇಕು. ನಿಘಂಟಿನ ವಿಷಯದಲ್ಲಿ ಕನ್ನಡ ಬಡಭಾಷೆಯಲ್ಲ. ವಿಲಿಯಂ ರೀವ್‌ನ ಇಂಗ್ಲಿಷ್–ಕರ್ನಾಟಕ ನಿಘಂಟು 1824ರಲ್ಲಿ ಬಂತು. ಬಾಸೆಲ್ ಮಿಶನ್ನಿನ ಎಫ್. ಝೀಗ್ಲರ್ ಶಾಲಾ ಮಕ್ಕಳಿಗೆಂದೇ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1876ರದು. ಕಿಟ್ಟೆಲರ ಮಹಾನಿಘಂಟು 1894ರದು. ಅದೇ ಮಿಶನ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಗುಳೇದಗುಡ್ಡದಲ್ಲಿಯೂ ಕೇಂದ್ರವನ್ನು ಹೊಂದಿತ್ತೆಂಬುದು ಇಲ್ಲಿ ಸ್ಮರಣಾರ್ಹ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು. ಒಂದು ಇಂಗ್ಲಿಷ್ ಪದಕ್ಕೆ ಹಲವು ಕನ್ನಡ ಪದಗಳನ್ನು ಕೊಡುವುದು ಇಂತಹ ನಿಘಂಟಿನ ಹೆಚ್ಚುಗಾರಿಕೆ. ಆರರಲ್ಲಿ ಎರಡನ್ನು ಆರಿಸುವ ಜಿಆರ್ಇ ಪ್ರಶ್ನೆಗೆ ಬೇಕಾಗುವ ವಿವೇಚನೆ ಇದೇ. ಜಿಪುಣತನ, ಮಿತವ್ಯಯ ಎರಡೂ ಕಡಿಮೆ ಖರ್ಚು ಮಾಡುವುದನ್ನೇ ಸೂಚಿಸುತ್ತವೆ, ಆದರೆ ಒಂದು ಬೈಗುಳ, ಇನ್ನೊಂದು ಹೊಗಳಿಕೆ. ‘ಪಾರ್ಸಿಮೋನಿಯಸ್’ ಮತ್ತು ‘ಫ್ರೂಗಲ್’ಗಳ ನಡುವೆ ಇರುವುದು ಸರಿಸುಮಾರು ಅದೇ ವ್ಯತ್ಯಾಸ. ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನೇ ಬಳಸಬೇಕೆಂದು ಕೆಲವು ಅಧ್ಯಾಪಕರು ಹಠ ಹಿಡಿಯುವುದುಂಟು. ಆರಂಭದ ಹಂತದಲ್ಲಿ ಈ ಹಠ ನಿರರ್ಥಕ. ಅಂತಿಮ ಹಂತದಲ್ಲಿ, ವಾಕ್ಯದೊಳಗಿನ ಬಳಕೆಯನ್ನು ನೋಡಲು, ಅದು ಅವಶ್ಯ.

ಇನ್ನು ನೆನಪಿನ ಪ್ರಶ್ನೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥಹೀನ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತದೆಂಬುದನ್ನು 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲ ದಿನದಲ್ಲಿಯೇ ಅತಿ ವೇಗವಾಗಿರುತ್ತದೆ, ಮರುಕಳಿಸಿ ಓದಿದಷ್ಟೂ ನಿಧಾನವಾಗುತ್ತದೆ. 2008ರಲ್ಲಿ ಕಾರ್ಪಿಕೆ ಮತ್ತು ರೋಡಿಗರ್ ಅಮೆರಿಕದ ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕಲಿಸಿ ಪರೀಕ್ಷಿಸಿದರು. ಒಮ್ಮೆ ಬಂದ ಪದವನ್ನು ಮತ್ತೆ ಮತ್ತೆ ಓದಿದವರಲ್ಲ, ಪುಸ್ತಕ ಮುಚ್ಚಿ ಮತ್ತೆ ಮತ್ತೆ ನೆನಪಿಸಿಕೊಂಡವರು ವಾರದ ಬಳಿಕ ಸುಮಾರು ಶೇ. 80ರಷ್ಟನ್ನು ಉಳಿಸಿಕೊಂಡಿದ್ದರು, ನೆನಪಿಸಿಕೊಳ್ಳುವುದನ್ನು ನಿಲ್ಲಿಸಿದವರಲ್ಲಿ ಉಳಿದದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಮಗ್ಗಿಯನ್ನು ಒಪ್ಪಿಸುತ್ತಿದ್ದ ಹಳೆಯ ಶಾಲೆಯ ಪದ್ಧತಿಗೆ ಇದು ದೂರದ್ದಲ್ಲ. ಅಲ್ಲಿಯೂ ಮುಖ್ಯವಾದದ್ದು ಪುಸ್ತಕ ನೋಡದೆ ಹೇಳುವುದಾಗಿತ್ತು. ಇದಕ್ಕೆ ಖರ್ಚಿನ ಸಾಧನವೇನೂ ಬೇಡ. ರಟ್ಟಿನ ಚೀಟಿಯ ಒಂದು ಮುಖದಲ್ಲಿ ಪದವಿದ್ದ ಪೂರ್ಣ ವಾಕ್ಯ, ಇನ್ನೊಂದು ಮುಖದಲ್ಲಿ ಕನ್ನಡದ ಅರ್ಥ, ಧಾತು, ಅದೇ ಕುಟುಂಬದ ಎರಡು ಪದಗಳು. ಬಂದ ಚೀಟಿಯನ್ನು ಮೂರು ದಿನದ, ಬಳಿಕ ವಾರದ, ಬಳಿಕ ತಿಂಗಳ ಡಬ್ಬಿಗೆ ದಾಟಿಸುವುದು, ತಪ್ಪಿದ್ದನ್ನು ಮೊದಲ ಡಬ್ಬಿಗೆ ಮರಳಿಸುವುದು. ಜರ್ಮನಿಯ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಕ್ರಮವಿದು. ದಿನಕ್ಕೆ ಹತ್ತು ಪದಗಳು ಸಾಕು. 570 ಕುಟುಂಬಗಳ ವಿದ್ವತ್ ಪಟ್ಟಿ ಎರಡು ತಿಂಗಳಿಗೆ ಮುಗಿಯುತ್ತದೆ.

ಆದರೆ ಚೀಟಿಗಳಿಂದ ಓದು ಹುಟ್ಟುವುದಿಲ್ಲ. ಇಂಗ್ಲಿಷಿನ ಬರಹವನ್ನು ಎಡವದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳ ಪರಿಚಯ ಬೇಕೆಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಅಷ್ಟನ್ನು ಯಾರೂ ಚೀಟಿಯಿಂದ ಕಲಿತವರಿಲ್ಲ. ಪತ್ರಿಕೆಯ ಸಂಪಾದಕೀಯ, ನ್ಯಾಯಾಲಯದ ತೀರ್ಪಿನ ವರದಿ, ವಿಜ್ಞಾನದ ಲೇಖನ ಇವುಗಳಿಂದ ದಿನಕ್ಕೊಂದು ಗದ್ಯಖಂಡವನ್ನು ಆರಿಸಿಕೊಳ್ಳಬೇಕು. ಸಿಎಲ್ಎಟಿಯ ಗದ್ಯಖಂಡದ ಗಾತ್ರ ಸುಮಾರು 450 ಪದಗಳು, ಅಷ್ಟಿದ್ದರೆ ಸಾಕು. ಮೊದಲ ಓದಿನಲ್ಲಿ ನಿಘಂಟು ಮುಟ್ಟಬಾರದು. ಅರಿಯದ ಪದದ ಮುಂದೆ ‘ಆದರೆ’ ಎಂಬರ್ಥದ ಪದವಿದೆಯೋ ‘ಆದ್ದರಿಂದ’ ಎಂಬರ್ಥದ ಪದವಿದೆಯೋ ನೋಡಿ, ಅದು ಒಳ್ಳೆಯದರ ಕಡೆಯದೋ ಕೆಟ್ಟದರ ಕಡೆಯದೋ ಎಂದಷ್ಟೇ ಗುರುತಿಸಬೇಕು. ಉದಾಹರಣೆಗೆ, ನೇಕಾರರ ಸಾಲದ ಹೊರೆಯನ್ನು ‘ಅಲೀವಿಯೇಟ್’ ಮಾಡಲೆಂದು ಬಂದ ಯೋಜನೆಯು ಕಡೆಗೆ ಅದನ್ನು ಏನು ಮಾಡಿತೆಂಬ ಸ್ಥಳ ಖಾಲಿ ಇದೆಯೆನ್ನೋಣ. ವಾಕ್ಯದ ನಡುವೆ ‘ಆದರೆ’ ಇದೆ. ಲಘುವಿನ ಎದುರು ಬರಬೇಕಾದದ್ದು ಗುರು. ಆಯ್ಕೆಗಳಲ್ಲಿ ‘ಅಗ್ರವೇಟೆಡ್’ ಇದ್ದರೆ ಉತ್ತರ ಸಿಕ್ಕಿತು. ಇದ್ದ ಇನ್ನೊಂದು ಪದ ‘ಎಕ್ಸಾಸರ್ಬೇಟೆಡ್’ ಆಗಿದ್ದು, ಅದನ್ನು ಹಿಂದೆಂದೂ ಕಾಣದಿದ್ದರೂ, ಉಳಿದ ನಾಲ್ಕು ಹೊಂದುವುದಿಲ್ಲವೆಂಬುದರಿಂದಲೇ ಜೋಡಿ ಪೂರ್ಣವಾಗುತ್ತದೆ. ಹೊಸ ಪದ ಹೀಗೆ ಪರೀಕ್ಷೆಯ ಕೊಠಡಿಯಲ್ಲಿಯೇ ಕಲಿತಂತೆಯೂ ಆಯಿತು.

ಈ ಸಿದ್ಧತೆಗೆ ಆರು ತಿಂಗಳ ತುರ್ತು ತರಬೇತಿಗಿಂತ ಪ್ರಥಮ ಪಿಯು ತರಗತಿಯಿಂದ ದಿನಕ್ಕೆ ಮುಕ್ಕಾಲು ಗಂಟೆ ಮೀಸಲಿಡುವುದು ಮೇಲು. ಅದರಲ್ಲಿ ವಾರಕ್ಕೆರಡು ದಿನವಾದರೂ ಕನ್ನಡದ ವಿಮರ್ಶೆ, ವಿಚಾರ ಸಾಹಿತ್ಯದ ಓದಿಗೆ ಸಲ್ಲಬೇಕು. ಓದುವಾಗ ಸಂದಿಗ್ಧ, ಅಂತರ್ಗತ, ವ್ಯತಿರಿಕ್ತ, ಸಾಪೇಕ್ಷ ಎಂಬಂತಹ ಪದ ಸಿಕ್ಕಲ್ಲಿ ನಿಂತು, ಅದರ ಎದುರಿಗೆ ಇಂಗ್ಲಿಷಿನ ಪದವನ್ನು ಬರೆದುಕೊಳ್ಳಬೇಕು. ಪಟ್ಟಿ ಬೇಕೆನ್ನುವವರಿಗೆ ಆ ಪುಟಗಳೇ ಪಟ್ಟಿ. ಕಾಲೇಜಿನ ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ವಾರಕ್ಕೊಂದು ಗಂಟೆ ಒಂದೇ ಕೊಠಡಿಯಲ್ಲಿ ಕುಳಿತು, ಒಂದು ಧಾತುವನ್ನು ಎರಡೂ ಭಾಷೆಗಳಲ್ಲಿ ಬಿಡಿಸಿ ತೋರಿಸುವ ಏರ್ಪಾಡು ಕಷ್ಟಸಾಧ್ಯವೇನಲ್ಲ. ಅದಕ್ಕೆ ಬೇಕಾದದ್ದು ಒಂದು ಕರಿಹಲಗೆ, ಒಂದು ನಿಘಂಟು, ಮತ್ತು ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಜಾಗ.